ಎಚ್‌ಡಿ ಡಿವಿಡಿ ಕೊಂಡವರ ಪರವಾಗಿ

ನನ್ನ ಟಿವಿಯ ಕೆಳಗೆ ಇಂದಿಗೂ ತೋಷಿಬಾದ ಒಂದು ಎಚ್‌ಡಿ ಡಿವಿಡಿ ಪ್ಲೇಯರ್ ಇದೆ. ಕಂಡವರೆಲ್ಲ ಕೇಳುವುದು ಒಂದೇ ಪ್ರಶ್ನೆ: ಸೋತುಹೋದ ಫಾರ್ಮ್ಯಾಟನ್ನು ಇನ್ನೂ ಯಾಕೆ ಇಟ್ಟುಕೊಂಡಿದ್ದೀರಿ? ಸೋಲು ಎಂಬುದನ್ನು ಯಂತ್ರದ ತಲೆಗೆ ಕಟ್ಟುವುದನ್ನು ನಾನು ಒಪ್ಪುವುದಿಲ್ಲ. ಡಿವಿಡಿಯ ನಂತರ, ಇನ್ನಷ್ಟು ಸ್ಪಷ್ಟ ಚಿತ್ರಕ್ಕೆಂದು ಬಂದ ಎರಡು ಡಿಸ್ಕ್ ಫಾರ್ಮ್ಯಾಟ್‌ಗಳು ಸೋನಿ ಬಣದ ಬ್ಲೂ-ರೇ ಮತ್ತು ತೋಷಿಬಾ ಬಣದ ಎಚ್‌ಡಿ ಡಿವಿಡಿ; 2006ರಿಂದ 2008ರವರೆಗೆ ಇವುಗಳ ನಡುವೆ ನಡೆದ ಪೈಪೋಟಿ ಕಂಪನಿಗಳು ತಮ್ಮತಮ್ಮಲ್ಲೇ ಬಗೆಹರಿಸಿಕೊಳ್ಳಬೇಕಿದ್ದ ಜಗಳ. ಅದನ್ನು ಅವರು ನಮ್ಮ ಮನೆಯೊಳಗೆ ತಂದರು, ನಮ್ಮ ದುಡ್ಡಿನಲ್ಲಿ ಕಾದಾಡಿದರು, ಮುಗಿದ ಮೇಲೆ ನಮ್ಮ ಕಡೆ ತಿರುಗಿಯೂ ನೋಡದೆ ಎದ್ದುಹೋದರು. ಇಷ್ಟು ವರ್ಷವಾದರೂ ನನಗೆ ಸಿಟ್ಟಿರುವುದು ಅದರ ಬಗ್ಗೆ.

ಜಗಳ ಎಷ್ಟು ಸಣ್ಣ ಅಂತರದ ಮೇಲೆ ನಿಂತಿತ್ತು ಎಂಬುದನ್ನು ಮೊದಲು ಹೇಳಬೇಕು. ಎರಡೂ ಡಿಸ್ಕ್‌ಗಳನ್ನು ಓದುವುದು ಒಂದೇ ಬಗೆಯ ಬೆಳಕು: 405 ನ್ಯಾನೋಮೀಟರ್ ತರಂಗಾಂತರದ ನೀಲಿ-ನೇರಳೆ ಲೇಸರ್. ಹಳೆಯ ಡಿವಿಡಿಯ ಕೆಂಪು ಲೇಸರ್ 650 ನ್ಯಾನೋಮೀಟರಿನದು. ತರಂಗಾಂತರ ಕಡಿಮೆಯಾದಷ್ಟೂ ಡಿಸ್ಕಿನ ಮೇಲೆ ಬೀಳುವ ಬೆಳಕಿನ ಚುಕ್ಕೆ ಕಿರಿದಾಗುತ್ತದೆ, ಅಷ್ಟೇ ಜಾಗದಲ್ಲಿ ಹೆಚ್ಚು ಮಾಹಿತಿ ಹಿಡಿಸುತ್ತದೆ. ಇಲ್ಲಿಯವರೆಗೆ ಇಬ್ಬರದೂ ಒಂದೇ ದಾರಿ. ದಾರಿ ಕವಲೊಡೆದದ್ದು ಆಳದಲ್ಲಿ. ಎಚ್‌ಡಿ ಡಿವಿಡಿಯಲ್ಲಿ ಮಾಹಿತಿಯ ಪದರ ಮೇಲ್ಮೈಯಿಂದ 0.6 ಮಿಲಿಮೀಟರ್ ಒಳಗಿದೆ, ಡಿವಿಡಿಯಲ್ಲಿ ಇದ್ದಷ್ಟೇ ಆಳದಲ್ಲಿ. ಬ್ಲೂ-ರೇಯಲ್ಲಿ ಬರೀ 0.1 ಮಿಲಿಮೀಟರ್. ಪದರ ಮೇಲಿದ್ದರೆ ಕಿರಣವನ್ನು ಇನ್ನಷ್ಟು ಮೊನಚಾಗಿ ಕೇಂದ್ರೀಕರಿಸುವ ಮಸೂರವನ್ನು ಬಳಸಬಹುದು. ಹೀಗಾಗಿ ಬ್ಲೂ-ರೇಯ ಒಂದು ಪದರಕ್ಕೆ 25 ಜಿಬಿ ಹಿಡಿಯಿತು, ಎಚ್‌ಡಿ ಡಿವಿಡಿಗೆ 15 ಜಿಬಿ. ಆದರೆ ಡಿವಿಡಿಯ ಆಳವನ್ನೇ ಉಳಿಸಿಕೊಂಡದ್ದರಿಂದ, ಡಿವಿಡಿ ಅಚ್ಚು ಹಾಕುತ್ತಿದ್ದ ಕಾರ್ಖಾನೆಗಳೇ ಅಲ್ಪಸ್ವಲ್ಪ ಮಾರ್ಪಾಡಿನೊಂದಿಗೆ ಎಚ್‌ಡಿ ಡಿವಿಡಿಯನ್ನೂ ತಯಾರಿಸಬಹುದಾಗಿತ್ತು. ಒಂದು ಕಡೆ ಜಾಗ, ಇನ್ನೊಂದು ಕಡೆ ಅಗ್ಗದ ತಯಾರಿಕೆ. ನಡುವೆ ಅರ್ಧ ಮಿಲಿಮೀಟರ್.

ಈ ಅರ್ಧ ಮಿಲಿಮೀಟರಿನ ಬಗ್ಗೆ 2005ರಲ್ಲಿ ಎರಡೂ ಬಣಗಳು ಮಾತುಕತೆಗೆ ಕೂತಿದ್ದವು. ರಾಜಿ ಆಗಲಿಲ್ಲ. ಪೇಟೆಂಟ್‌ನಿಂದ ಬರುವ ರಾಯಧನ ಯಾರ ಜೇಬಿಗೆ ಹೋಗಬೇಕು ಎಂಬ ಪ್ರಶ್ನೆ ಇಬ್ಬರ ಮುಂದೆಯೂ ಇತ್ತು. ಕೊಳ್ಳುವವನಿಗೆ ಏನಾಗುತ್ತದೆ ಎಂಬ ಪ್ರಶ್ನೆಗೆ ಆ ಮೇಜಿನ ಮೇಲೆ ಯಾವ ತೂಕವಿತ್ತು ಎಂಬುದು ಮುಂದಿನ ಮೂರು ವರ್ಷಗಳಲ್ಲಿ ಚೆನ್ನಾಗಿಯೇ ಗೊತ್ತಾಯಿತು.

2006ರ ಏಪ್ರಿಲ್‌ನಲ್ಲಿ ತೋಷಿಬಾದ ಎಚ್‌ಡಿ-ಎ1 ಅಮೆರಿಕದಲ್ಲಿ 499 ಡಾಲರಿಗೆ ಬಂತು. ಜೂನ್‌ನಲ್ಲಿ ಸ್ಯಾಮ್‌ಸಂಗ್‌ನ ಮೊದಲ ಬ್ಲೂ-ರೇ ಪ್ಲೇಯರ್ ಸಾವಿರ ಡಾಲರಿಗೆ ಬಂತು. ಆ ಮೊದಲ ತಲೆಮಾರಿನ ತೋಷಿಬಾ ನಿಜ ಹೇಳಬೇಕೆಂದರೆ ಒಂದು ಕಂಪ್ಯೂಟರೇ ಆಗಿತ್ತು: ಒಳಗೆ ಪೆಂಟಿಯಂ 4, ಅದರ ಮೇಲೆ ಲಿನಕ್ಸ್. ಗುಂಡಿ ಒತ್ತಿದರೆ ಎಚ್ಚೆತ್ತು ಚಿತ್ರ ತೋರಿಸಲು ನಿಧಾನ ಮಾಡುತ್ತಿತ್ತು. ನಿಧಾನ ಎಂದು ದೂರಿದವರು ಬಹಳ ಮಂದಿ. ಅದರೊಳಗೆ ಏನೆಲ್ಲ ಇತ್ತು ಎಂದು ಗಮನಿಸಿದವರು ಕಡಿಮೆ.

ಎಚ್‌ಡಿ ಡಿವಿಡಿಯ ನಿಯಮದ ಪ್ರಕಾರ ಪ್ರತಿಯೊಂದು ಪ್ಲೇಯರಿನಲ್ಲೂ ಇಂಟರ್ನೆಟ್‌ಗೆ ಜೋಡಿಸುವ ಎತರ್ನೆಟ್ ಪೋರ್ಟ್ ಇರಲೇಬೇಕು, ಎರಡನೆಯ ವಿಡಿಯೊವನ್ನು ಅದೇ ಹೊತ್ತಿಗೆ ಬಿಡಿಸಿ ತೋರಿಸುವ ಡಿಕೋಡರ್ ಇರಲೇಬೇಕು. ಅತಿ ಅಗ್ಗದ ಮಾದರಿಗೂ ಇದರಿಂದ ವಿನಾಯಿತಿ ಇರಲಿಲ್ಲ. ಚಿತ್ರ ಓಡುತ್ತಿರುವಾಗಲೇ ಪರದೆಯ ಮೂಲೆಯಲ್ಲಿ ಪುಟ್ಟ ಚೌಕ ತೆರೆದು ನಿರ್ದೇಶಕರು ಕಾಣಿಸಿಕೊಂಡು, ಹಿಂದೆ ನಡೆಯುತ್ತಿರುವ ಅದೇ ದೃಶ್ಯವನ್ನು ಹೇಗೆ ತೆಗೆದೆವು ಎಂದು ವಿವರಿಸುತ್ತಾರೆ. ರಿಮೋಟಿನ ಒಂದು ಗುಂಡಿ ಒತ್ತಿದರೆ ಚೌಕ ಮಾಯವಾಗುತ್ತದೆ, ಚಿತ್ರ ಒಂದು ಕ್ಷಣವೂ ನಿಲ್ಲುವುದಿಲ್ಲ. ಸಿನಿಮಾ ಹೇಗೆ ತಯಾರಾಗುತ್ತದೆ ಎಂಬ ಕುತೂಹಲವಿದ್ದ ನನ್ನಂಥವರಿಗೆ ಅದು ಹಬ್ಬವೇ ಆಗಿತ್ತು. ಅದೇ ಕಾಲದ ಬ್ಲೂ-ರೇ ಪ್ಲೇಯರ್‌ಗಳು ಇದನ್ನು ಮಾಡಲಾರವು. ಪ್ರೊಫೈಲ್ 1.0, 1.1, 2.0 ಎಂದು ಹಂತಹಂತವಾಗಿ ನಿಯಮ ಬೆಳೆಯಿತು. ಮೂಲೆಯ ಚೌಕದ ಸೌಲಭ್ಯ ಹೊಸ ಮಾದರಿಗಳಲ್ಲಿ ಕಡ್ಡಾಯವಾದದ್ದು 2007ರ ನವೆಂಬರ್ ಹೊತ್ತಿಗೆ. ಅದಕ್ಕೂ ಮುಂಚೆ ಹೆಚ್ಚು ಬೆಲೆ ಕೊಟ್ಟು ಬ್ಲೂ-ರೇ ಪ್ಲೇಯರ್ ಕೊಂಡವರ ಪಾಡನ್ನು ಯಾರೂ ಮಾತಾಡುವುದಿಲ್ಲ. ಗೆದ್ದ ಬಣದಲ್ಲಿದ್ದೂ ಅವರ ಕೈಯಲ್ಲಿದ್ದದ್ದು ಅರೆಬೆಂದ ಯಂತ್ರ.

ರೀಜನ್ ಕೋಡ್ ವಿಷಯವನ್ನಂತೂ ನಾನು ಎಂದಿಗೂ ಬಿಟ್ಟುಕೊಡುವುದಿಲ್ಲ. ಬ್ಲೂ-ರೇ ಜಗತ್ತನ್ನು ಎ, ಬಿ, ಸಿ ಎಂದು ಮೂರು ತುಂಡು ಮಾಡಿತು. ಎಚ್‌ಡಿ ಡಿವಿಡಿಯಲ್ಲಿ ಆ ಬೇಲಿಯೇ ಇರಲಿಲ್ಲ. ಯಾವ ದೇಶದಲ್ಲಿ ಕೊಂಡ ಡಿಸ್ಕ್ ಆದರೂ ಯಾವ ದೇಶದ ಪ್ಲೇಯರಿನಲ್ಲಾದರೂ ಓಡುತ್ತಿತ್ತು. ದುಡ್ಡು ಕೊಟ್ಟು ಕೊಂಡ ಚಿತ್ರವನ್ನು ನೋಡಲು ದೇಶದ ಗಡಿ ಯಾಕೆ ಅಡ್ಡ ಬರಬೇಕು ಎಂಬುದಕ್ಕೆ ನನಗೆ ಇಂದಿಗೂ ಸಮಾಧಾನದ ಉತ್ತರ ಸಿಕ್ಕಿಲ್ಲ.

ಬ್ಲೂ-ರೇಯ ಪಾಲಿಗೂ ನ್ಯಾಯ ಸಲ್ಲಬೇಕು. ಎರಡು ಪದರಕ್ಕೆ 50 ಜಿಬಿ ಎಂಬುದು ದೊಡ್ಡ ಅನುಕೂಲ. ಎಚ್‌ಡಿ ಡಿವಿಡಿಯ ಎರಡು ಪದರದ 30 ಜಿಬಿಯಲ್ಲಿ ದೀರ್ಘ ಚಿತ್ರ, ಸಂಕುಚಿಸದ ಧ್ವನಿಯಷ್ಟೇ ಒಳ್ಳೆಯ ಧ್ವನಿ, ಹೆಚ್ಚುವರಿ ವಿಡಿಯೊಗಳು ಎಲ್ಲವನ್ನೂ ತುಂಬುವುದು ಕಷ್ಟ. 0.1 ಮಿಲಿಮೀಟರಿನ ತೆಳು ಹೊದಿಕೆಗೆ ಗೀರು ಬೀಳದಂತೆ ಅವರು ಹಚ್ಚಿದ ಗಟ್ಟಿ ಲೇಪನ ನಿಜಕ್ಕೂ ಒಳ್ಳೆಯ ಎಂಜಿನಿಯರಿಂಗ್. 2016ರಲ್ಲಿ ಬಂದ 4ಕೆ ಡಿಸ್ಕ್‌ಗಳು 100 ಜಿಬಿಯವರೆಗೆ ಹೋಗಲು ಆ ಅಡಿಪಾಯವೇ ಕಾರಣ. ಡಿಸ್ಕ್ ಅವರದು ಉತ್ತಮ, ಕೊಳ್ಳುವವನಿಗೆ ಕೊಟ್ಟ ಮಾತು ಇವರದು ಉತ್ತಮ. ಎರಡನ್ನೂ ಕೂಡಿಸಿ ಒಂದೇ ಡಿಸ್ಕ್ ಕೊಡಲು ಇದ್ದ ಅವಕಾಶ 2005ರಲ್ಲೇ ಕೈಬಿಟ್ಟುಹೋಗಿತ್ತು.

ಪ್ಲೇಯರ್ ಇದ್ದವರು ದಿನನಿತ್ಯ ಅನುಭವಿಸಿದ್ದು ಬೇರೆಯೇ ಕಷ್ಟ. ನಿಮಗೆ ಬೇಕಾದ ಚಿತ್ರ ನಿಮ್ಮ ಫಾರ್ಮ್ಯಾಟಿನಲ್ಲಿ ಸಿಗುತ್ತದೆಯೇ ಎಂಬುದನ್ನು ನಿರ್ಧರಿಸುತ್ತಿದ್ದದ್ದು ಸ್ಟುಡಿಯೋಗಳು. ಯೂನಿವರ್ಸಲ್ ಎಚ್‌ಡಿ ಡಿವಿಡಿಯಲ್ಲಿ ಮಾತ್ರ. ಸೋನಿ, ಡಿಸ್ನಿ, ಫಾಕ್ಸ್ ಬ್ಲೂ-ರೇಯಲ್ಲಿ ಮಾತ್ರ. ವಾರ್ನರ್ ಎರಡರಲ್ಲೂ. ಪ್ಯಾರಮೌಂಟ್ ಕೂಡ ಎರಡರಲ್ಲೂ ಇತ್ತು; 2007ರ ಆಗಸ್ಟ್‌ನಲ್ಲಿ ಡ್ರೀಮ್‌ವರ್ಕ್ಸ್ ಆ್ಯನಿಮೇಷನ್ ಜೊತೆಗೆ ಎಚ್‌ಡಿ ಡಿವಿಡಿಯ ಕಡೆಗೇ ಪೂರ್ತಿಯಾಗಿ ವಾಲಿತು. ಅದಕ್ಕಾಗಿ ಎರಡೂ ಸಂಸ್ಥೆಗಳಿಗೆ ಒಟ್ಟು ಸುಮಾರು 15 ಕೋಟಿ ಡಾಲರ್ ಮೌಲ್ಯದ ಲಾಭ ಮಾಡಿಕೊಡಲಾಗಿದೆ ಎಂದು ಪತ್ರಿಕೆಗಳು ಬರೆದವು. ಆ ದಿನ ನನ್ನ ಬಣಕ್ಕೆ ಬಲ ಬಂತು, ಆದರೂ ನನಗೆ ಖುಷಿಯಾಗಲಿಲ್ಲ. ಬ್ಲೂ-ರೇ ಕೊಂಡಿದ್ದ ಯಾರದೋ ಮನೆಯ ಕಪಾಟು ಆ ಹೊತ್ತಿಗೆ ಅರ್ಧಕ್ಕೇ ನಿಂತುಹೋಯಿತು. ಅವರೂ ನನ್ನ ಹಾಗೆಯೇ ಸಿನಿಮಾ ಪ್ರೀತಿಯಿಂದ ದುಡ್ಡು ಹಾಕಿದವರು.

ಅದೇ ನವೆಂಬರ್‌ನಲ್ಲಿ ತೋಷಿಬಾದ ಪ್ಲೇಯರ್ ಅಮೆರಿಕದ ದೊಡ್ಡ ಮಳಿಗೆಗಳಲ್ಲಿ ನೂರು ಡಾಲರಿಗೂ ಕಡಿಮೆಗೆ ಮಾರಾಟಕ್ಕೆ ಬಂತು. ಜನ ಮುಗಿಬಿದ್ದರು. 2008ರ ಜನವರಿ 4ರಂದು ವಾರ್ನರ್ ಇನ್ನು ಮುಂದೆ ಬ್ಲೂ-ರೇ ಮಾತ್ರ ಎಂದು ಘೋಷಿಸಿತು. ಫೆಬ್ರವರಿಯಲ್ಲಿ, ಆಗ ಡಿಸ್ಕ್‌ಗಳನ್ನು ಬಾಡಿಗೆಗೆ ಕೊಡುತ್ತಿದ್ದ ನೆಟ್‌ಫ್ಲಿಕ್ಸ್, ಅಮೆರಿಕದ ದೊಡ್ಡ ಮಳಿಗೆಗಳಾದ ಬೆಸ್ಟ್ ಬೈ, ವಾಲ್‌ಮಾರ್ಟ್ ಒಂದೊಂದಾಗಿ ಎಚ್‌ಡಿ ಡಿವಿಡಿಯನ್ನು ಕೈಬಿಟ್ಟವು. ಫೆಬ್ರವರಿ 19ರಂದು ತೋಷಿಬಾ ತಾನೇ ನಿಲ್ಲಿಸಿತು. ನವೆಂಬರಿನಲ್ಲಿ ಕೊಂಡವರ ಪ್ಲೇಯರ್‌ಗೆ ನಾಲ್ಕು ತಿಂಗಳೂ ತುಂಬಿರಲಿಲ್ಲ.

ಆಮೇಲೆ ಎರಡು ಒಳ್ಳೆಯ ಕೆಲಸಗಳು ನಡೆದವು, ಅವನ್ನು ಮರೆಯಬಾರದು. ಬೆಸ್ಟ್ ಬೈ ತನ್ನಲ್ಲಿ ಎಚ್‌ಡಿ ಡಿವಿಡಿ ಪ್ಲೇಯರ್ ಕೊಂಡವರಿಗೆ 50 ಡಾಲರಿನ ಗಿಫ್ಟ್ ಕಾರ್ಡ್ ಕಳುಹಿಸಿತು. ವಾರ್ನರ್ 2009ರಲ್ಲಿ ಅಮೆರಿಕದ ಗ್ರಾಹಕರಿಗೆ, ತನ್ನ ಎಚ್‌ಡಿ ಡಿವಿಡಿಯ ಬದಲಿಗೆ ಅದೇ ಚಿತ್ರದ ಬ್ಲೂ-ರೇಯನ್ನು ತಲಾ 4.95 ಡಾಲರ್ ಮತ್ತು ಸಾಗಣೆ ವೆಚ್ಚಕ್ಕೆ ಕೊಡುವ ಯೋಜನೆ ತಂದಿತು. ಮನಸ್ಸು ಮಾಡಿದರೆ ಆಗುತ್ತದೆ ಎಂಬುದಕ್ಕೆ ಇಷ್ಟೇ ಪುರಾವೆ ಸಾಕು. ಎರಡೂ ಬಣದ ಪ್ರತಿ ಸ್ಟುಡಿಯೋ, ಪ್ರತಿ ದೇಶದಲ್ಲಿ, ಕಾಲಮಿತಿಯಿಲ್ಲದೆ ಇದನ್ನೇ ಮಾಡಬೇಕಿತ್ತು.

ನಾನು ಇದನ್ನು ಈಗ ಬರೆಯುತ್ತಿರುವುದಕ್ಕೆ ಕಾರಣ, ಡಿಸ್ಕ್‌ಗಳು ಸಾಯುತ್ತಿವೆ. ನನ್ನ ಕಪಾಟಿನ ಕಡುಗೆಂಪು ಪೆಟ್ಟಿಗೆಗಳಲ್ಲಿ ಕೆಲವು ಡಿಸ್ಕ್‌ಗಳ ಮೇಲೆ ಒಂದು ಗೀರೂ ಇಲ್ಲ, ಬೆರಳಚ್ಚೂ ಇಲ್ಲ. ಹಾಕಿದರೆ ಚಿತ್ರ ಅರ್ಧದವರೆಗೆ ಚೆನ್ನಾಗಿ ಓಡುತ್ತದೆ, ಆಮೇಲೆ ಮುಖವೊಂದು ಚೌಕಚೌಕವಾಗಿ ಒಡೆದು, ಧ್ವನಿ ಕತ್ತರಿಸಿ, ಅಲ್ಲೇ ನಿಂತುಬಿಡುತ್ತದೆ. ಅಂಟಿಸಿದ ಪದರಗಳು ಒಳಗೊಳಗೇ ಕೆಡುತ್ತಿವೆ. ಹೊಸ ಪ್ರತಿಯನ್ನು ಯಾರೂ ಅಚ್ಚು ಹಾಕುವುದಿಲ್ಲ. ಆ ಮೂಲೆಯ ಚೌಕದ ವಿವರಣೆಗಳಲ್ಲಿ ಕೆಲವು ಮತ್ತೆ ಬೇರೆಲ್ಲೂ ಬಂದಿಲ್ಲ. ಡಿಸ್ಕ್ ಹೋದರೆ ಅವೂ ಹೋದಂತೆ. ನಕಲು ತೆಗೆದಿಟ್ಟುಕೊಳ್ಳೋಣವೆಂದರೆ ನಕಲು ತಡೆಯುವ ಎಎಸಿಎಸ್ ಎಂಬ ಡಿಜಿಟಲ್ ಬೀಗ ಅಡ್ಡ ಇದೆ, ಅದನ್ನು ಮುರಿಯುವುದನ್ನು ಅಮೆರಿಕದಲ್ಲಿ 1998ರ ಕಾಯ್ದೆ ಸಾಮಾನ್ಯವಾಗಿ ನಿಷೇಧಿಸುತ್ತದೆ. ತಯಾರಕರೇ ಕೈಬಿಟ್ಟ ಫಾರ್ಮ್ಯಾಟಿಗೆ ಬೀಗ ಯಾರ ರಕ್ಷಣೆಗೆ? ಮಾರಾಟ ನಿಲ್ಲಿಸಿದ ದಿನವೇ, ಡಿಸ್ಕ್ ಕೊಂಡವರು ಸ್ವಂತ ಬಳಕೆಗೆ ಒಂದು ಪ್ರತಿ ತೆಗೆದುಕೊಳ್ಳಲು ಅನುಮತಿ ಕೊಡುವುದನ್ನು ಕಾನೂನೇ ಕಡ್ಡಾಯ ಮಾಡಬೇಕು.

ನಿಮ್ಮ ಬಳಿ ಎಚ್‌ಡಿ ಡಿವಿಡಿಗಳು ಇದ್ದರೆ ಪೆಟ್ಟಿಗೆ ಮುಚ್ಚಿಟ್ಟು ನಿಶ್ಚಿಂತೆಯಿಂದ ಇರಬೇಡಿ. ಒಂದೊಂದನ್ನೂ ಕೊನೆಯವರೆಗೆ ಓಡಿಸಿ ನೋಡಿ. ಎರಡು ಪದರದ ಡಿಸ್ಕ್‌ಗಳನ್ನು ಮೊದಲು ನೋಡಿ. ಪ್ಲೇಯರ್ ಕೆಟ್ಟಿದ್ದರೆ, ಎಕ್ಸ್‌ಬಾಕ್ಸ್ 360ಕ್ಕೆಂದು 2006ರಲ್ಲಿ ಬಂದ ಎಚ್‌ಡಿ ಡಿವಿಡಿ ಡ್ರೈವ್ ಯುಎಸ್‌ಬಿ ಮೂಲಕ ಕಂಪ್ಯೂಟರಿಗೂ ಜೋಡಣೆಯಾಗುತ್ತದೆ. ಹಳೆಯ ಸಾಮಾನು ಮಾರುವವರ ಬಳಿ ಈಗಲೂ ಆಗೀಗ ಸಿಗುತ್ತದೆ.