ಗಿರಣಿಗೆ 15 ನಿಮಿಷ, ಸೀರಿಗೆ 2 ತಾಸು

ಒಂದು ಮಾತು ಕೇಳ್ತೀನ್ರಿ. ಸೀರೀನ ತೊಗೊಳ್ಳೋದಿತ್ತಂದ್ರ ಪುಣೆದಾಗ ಲಕ್ಷ್ಮೀ ರೋಡ್ ಏನು ಮುಚ್ಚೇದೇನು? ಅದಕ್ಕ ಬಸ್ ಮಾಡ್ಕೊಂಡು, ನಡ ಮುರ್ಕೊಂಡು ಔರಂಗಾಬಾದಿಗೆ (ಹೌದ್ರಿ, ಈಗ ಛತ್ರಪತಿ ಸಂಭಾಜಿನಗರ) ಯಾಕ ಹೋಗ್ಬೇಕು?

ನಾ ರೊಕ್ಕ ಕಟ್ಟಿದ್ದು ಅಲ್ಲಿನ ಪನ್‌ಚಕ್ಕಿ, ಅಂದ್ರ ನೀರಿನಿಂದ ನಡೀತಿದ್ದ ಹಳೇ ಹಿಟ್ಟಿನ ಗಿರಣಿ, ನೋಡ್ಲಿಕ್ಕೆ. ಟ್ರಿಪ್ ಮಾಡಿಸಿದವರು ಅದಕ್ಕ ಕೊಟ್ಟಿದ್ದು ಬರೇ 15 ನಿಮಿಷ. ಅದರಾಗ ಅರ್ಧ ಗ್ರೂಪ್ ಫೋಟೋಕ್ಕ ಹೋತು. ಪೈಠಣಿ ಸೀರಿ ಅಂಗಡಿಗೆ ಮಾತ್ರ 2 ತಾಸು, ಮ್ಯಾಲೆ ಪುಕ್ಕಟೆ ಚಹಾ. ಯಾರಿಗೆ ಕಮಿಷನ್ ಹೋತು ಅಂತ ಬಿಡಿಸಿ ಹೇಳ್ಬೇಕೇನು?

ಗೈಡ್ ಮಹಾಶಯ ಹೇಳಿದ್ದು ಇಷ್ಟೇ: "ಯೇ ಪಾನೀ ಸೇ ಚಲತೀ ಥೀ. ಚಲಿಯೇ."

ಅಲ್ರೀ, ಹೆಂಗ ನಡೀತಿತ್ತು ಅನ್ನೋದರಾಗ ಅಲ್ಲೇನು ಮಜಾ ಇರೋದು! ದೂರದ ಗುಡ್ಡದ ಬುಗ್ಗಿ ನೀರು ಮಣ್ಣಿನ ಕೊಳವಿಯೊಳಗ ಹಾದು, ನೆಲದಡಿಯಿಂದ ಮೈಲುಗಟ್ಟಲೆ ಬರ್ತದ. ಪಂಪಿಲ್ಲ, ಕರೆಂಟಿಲ್ಲ. ಇಳಿದು ಬಂದ ಒತ್ತಡಕ್ಕ ತಾನೇ ಗ್ವಾಡಿ ಮ್ಯಾಲೇರಿ ಹೊಂಡಕ್ಕ ಧುಮುಕ್ತದ. ನೀರು ಚಕ್ರದ ರೆಕ್ಕಿಗೆ ಬಡೀತಂದ್ರ ಬೀಸುಕಲ್ಲು ಗರಗರ ತಿರಗತಿತ್ತು. ಬಾಬಾ ಶಾ ಮುಸಾಫಿರ್ ದರ್ಗಾಕ್ಕ ಬಂದ ಯಾತ್ರಿಕರಿಗೆ, ಫಕೀರರಿಗೆ, ದಂಡಿನವರಿಗೆ ಅದೇ ಹಿಟ್ಟು. ಇನ್ನ ಆ ಹೊಂಡದ ತಳಾನೇ ಕೆಳಗಿನ ದೊಡ್ಡ ಪಡಸಾಲಿಗೆ ಮಾಳಿಗಿ! ತಲಿ ಮ್ಯಾಲೆ ನೀರು ಹೊತ್ಕೊಂಡು ನಿಂತ ಆ ಕಂಬಗಳನ್ನ ನೋಡ್ಬೇಕಂತ ನಾ ಕೆಳಗ ಇಳೀಲಿಕ್ಕೆ ಹೊಂಟ್ರ ಬಸ್ಸಿನಾಂವ ಹಾರ್ನ್ ಹೊಡದಾ. ಹೊಡದಾ ಅಂದ್ರ ಹೊಡದೇ ಹೊಡದಾ.

ನಮ್ಮ ಬಿಲ್ಡಿಂಗಿನ ಕಾಕು ಬ್ಯಾರೆ, "ನೀರು ಬೀಳೂದು ನೋಡ್ಲಿಕ್ಕೆ ಇಲ್ಲೀತನಕ ಬರ್ಬೇಕಾತೇನೋ ತಮ್ಮಾ? ನಮ್ಮ ಖಡಕವಾಸಲಾ ಡ್ಯಾಮಿನಾಗ ಬೀಳಂಗಿಲ್ಲೇನು?" ಅಂದ್ರು. ಬಸ್ಸೆಲ್ಲಾ ನಕ್ತು. ಕಾಕೂಗ ನಾ ಏನ್ ಹೇಳ್ಲಿ? ಅವರು ಇರೋದು ಪುಣೆಯ ಕಾತ್ರಜದಾಗ. 18ನೇ ಶತಮಾನದಾಗ ನಾನಾಸಾಹೇಬ ಪೇಶವೆ ಅದೇ ಕಾತ್ರಜ ಕೆರಿಯಿಂದ ತನ್ನ ಅರಮನಿ ಶನಿವಾರವಾಡೆತನಕ ನೆಲದಡಿ ನೀರು ತಂದಾನ. ಆ ಕಾಲುವಿಗೆ ಗಾಳಿ ಆಡ್ಲಿಕ್ಕೆ ಕಟ್ಟಿದ ಉಸಿರುಗಂಬಕ್ಕ ಟ್ಯೂಷನ್ ಕ್ಲಾಸಿನ ಜಾಹೀರಾತು ಅಂಟಿಸೋ ಮಂದಿ ನಾವು. ಪನ್‌ಚಕ್ಕಿ ಯಾವ ಲೆಕ್ಕ!

ಟ್ರಿಪ್ಪಿನ ವಾಟ್ಸಾಪ್ ಗ್ರೂಪಿನ್ಯಾಗ ಎಷ್ಟು ಫೋಟೋ ಬಂದಾವಂತೀರಿ, ಎಲ್ಲಾ ಸೀರಿ ಸೆರಗು. ಗಿರಣೀದು ಒಂದೂ ಇಲ್ಲ. ಮುಂದಿನ ಟ್ರಿಪ್ ಯೇವಲೆಗಂತ. ಅಲ್ಲೂ ಪೈಠಣೀನ. ನನ್ನ ಹೆಸರು ಬರಕೋಬ್ಯಾಡ್ರಿ ಅಂತ ಖಡಕ್ಕಾಗಿ ಹೇಳೀನಿ, ಅಡ್ವಾನ್ಸ್ ಕೇಳ್ಲಿಕ್ಕಂತೂ ಬಾಗಲಿಗೆ ಬರಲೇಬ್ಯಾಡ್ರಿ.