ಫ್ಯಾನ್ ತಿರುಗಿದರೆ ಎಸ್‌ಎಂಪಿಎಸ್ ಸರಿಯಿದೆ ಎಂದಲ್ಲ

ಪಿಸಿಗೆ ಕರೆಂಟ್ ಒದಗಿಸುವ ಡಬ್ಬ ಎಸ್‌ಎಂಪಿಎಸ್ ಬಗ್ಗೆ ಒಂದು ಸಲಹೆ ಎಲ್ಲೆಡೆ ಓಡಾಡುತ್ತಿದೆ: "ಎಸ್‌ಎಂಪಿಎಸ್‌ನ ಹಸಿರು ವೈರಿಗೂ ಕಪ್ಪು ವೈರಿಗೂ ಪೇಪರ್ ಕ್ಲಿಪ್ ಸಿಕ್ಕಿಸಿ. ಫ್ಯಾನ್ ತಿರುಗಿದರೆ ಪವರ್ ಸರಿಯಿದೆ, ಗ್ರಾಫಿಕ್ಸ್ ಕಾರ್ಡೇ ಕೆಟ್ಟಿದೆ." ಇದನ್ನು ನಂಬಿ ಹೊಸ ಕಾರ್ಡಿಗೆ ದುಡ್ಡು ಸುರಿಯಬೇಡಿ.

ಫ್ಯಾನ್ ತಿರುಗಿದರೆ ಎಸ್‌ಎಂಪಿಎಸ್ ಆನ್ ಆಗುತ್ತಿದೆ ಅಂತ ಮಾತ್ರ ಗೊತ್ತಾಗುತ್ತದೆ. ಆಗ ಅದರ ಮೇಲೆ ಲೋಡೇ ಇರುವುದಿಲ್ಲ, ಅಲ್ವಾ? ನಿಜವಾದ ಪರೀಕ್ಷೆ ಗೇಮ್ ಓಡುವಾಗ. ಕಾರ್ಡ್ ಮದರ್‌ಬೋರ್ಡ್ ಸ್ಲಾಟ್‌ನಿಂದ 75 ವ್ಯಾಟ್ ತನಕ ಎಳೆಯಬಹುದು, 8 ಪಿನ್ ಕೇಬಲ್‌ನಿಂದ ಇನ್ನೂ 150. ಆಗಲೂ 12 ವೋಲ್ಟ್ ಲೈನ್ 11.4ಕ್ಕಿಂತ ಕೆಳಗೆ ಇಳಿಯಬಾರದು. ಹಳೆಯ ಎಸ್‌ಎಂಪಿಎಸ್‌ಗಳು ಜಾಸ್ತಿ ಸೋಲುವುದು ಇಲ್ಲೇ. ಗೇಮ್ ನಡುವೆ ಪಿಸಿ ದಿಢೀರನೆ ರೀಸ್ಟಾರ್ಟ್ ಆದರೆ ಮೊದಲು ಅದರ ಮೇಲೆ ಅನುಮಾನ ಪಡಿ. ಚೆನ್ನಾಗಿರುವ ಇನ್ನೊಂದನ್ನು, ಅದರದೇ ಕೇಬಲ್‌ಗಳ ಸಮೇತ, ಹಾಕಿ ನೋಡುವುದೇ ನಂಬಬಹುದಾದ ದಾರಿ.

ಪರದೆಯಲ್ಲಿ ಗೆರೆ, ಚುಕ್ಕಿ ಬಂದರೆ ಸ್ಕ್ರೀನ್‌ಶಾಟ್ ತೆಗೆದು ಮೊಬೈಲ್‌ನಲ್ಲಿ ನೋಡಿ. ಅದರಲ್ಲಿ ಗೆರೆ ಇಲ್ಲದಿದ್ದರೆ ಮೊದಲು ಕೇಬಲ್, ಮಾನಿಟರ್ ಬದಲಿಸಿ. ವಿಂಡೋಸ್ ಶುರುವಾಗುವ ಮೊದಲೇ ಬರುವ ಬಯಾಸ್ ಪರದೆಯಲ್ಲೇ ಗೆರೆ ಕಂಡರೆ ಅದು ಡ್ರೈವರ್ (ಕಾರ್ಡನ್ನು ನಡೆಸುವ ಸಾಫ್ಟ್‌ವೇರ್) ತಪ್ಪಲ್ಲ. ಸುಮ್ನೆ ವಿಂಡೋಸ್ ಮತ್ತೆ ಹಾಕಿಸಬೇಡಿ.

ಎಸ್‌ಎಂಪಿಎಸ್ ಡಬ್ಬವನ್ನಂತೂ ಬಿಚ್ಚಲೇಬೇಡಿ. ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರ್‌ಗಳಲ್ಲಿ ಜೋರಾಗಿ ಶಾಕ್ ಹೊಡೆಯುವಷ್ಟು ಚಾರ್ಜ್ ಉಳಿದಿರಬಹುದು.