ಸಾಲು ತಪ್ಪಿದ ಕಾಡು

ಅಡಿಕೆ ತೋಟದವರ ಕೈಗೆ ಒಂದು ರೋಗ ಇದೆ. ಏನು ನೆಟ್ಟರೂ ಸಾಲಾಗಿಯೇ ನೆಡುತ್ತದೆ. 9 ಅಡಿಗೆ ಒಂದು ಗೂಟ, ಗೂಟದಿಂದ ಗೂಟಕ್ಕೆ ದಾರ, ದಾರದ ಅಂಚಿಗೆ ಗುಂಡಿ. ಅಜ್ಜ ಹಾಗೆ ನೆಟ್ಟ, ಅಪ್ಪ ಹಾಗೆ ನೆಟ್ಟ, ನಾನೂ ಹಾಗೇ. ನಮ್ಮ ಅಂಗಳದ ಗೊಂಡೆ ಹೂವಿನ ಗಿಡಗಳೂ ಶಾಲೆ ಮಕ್ಕಳು ಪ್ರಾರ್ಥನೆಗೆ ನಿಂತ ಹಾಗೆ ನಿಂತಿರುತ್ತವೆ. ಇಂಥ ಕೈ ಇಟ್ಟುಕೊಂಡು ನಾಲ್ಕು ವರ್ಷದ ಹಿಂದೆ ನಾನು ಎರಡು ಅಡಿ ಉದ್ದದ ಒಂದು ತಟ್ಟೆಯಲ್ಲಿ ಜುನಿಪರ್ ಅನ್ನುವ, ಸೈಪ್ರೆಸ್ ಬಳಗದ ಏಳು ಗಿಡ ನೆಟ್ಟು ಬೋನ್ಸಾಯ್ ಕಾಡು ಮಾಡಲು ಕೂತೆ.

"ಹಿತ್ತಲ ಬಾಗಿಲು ತೆಗೆದರೆ ಕಾಡೇ ಅಲ್ದಾ? ಮತ್ತೆ ತಟ್ಟೇಲಿ ಎಂತಕ್ಕೆ?" ಅಂತ ಆಯಿ ಕೇಳಿದಳು. ನ್ಯಾಯವಾದ ಪ್ರಶ್ನೆ. ಶಿರಸಿಯ ನಮ್ಮ ಕಡೆ ತೋಟದ ಮೇಲೆ ಗೊಬ್ಬರಕ್ಕೆ ಸೊಪ್ಪು ತರುವ ಸೊಪ್ಪಿನಬೆಟ್ಟ, ಬೆಟ್ಟದ ಆಚೆ ಕಾನು, ಅಂದರೆ ದಟ್ಟ ಕಾಡು. 1983ರಲ್ಲಿ ಸಾಲ್ಕಣಿಯವರು ಕಾಡಿಗೆ ಹೋಗಿ ಮರ ತಬ್ಬಿಕೊಂಡು ಕೊಡಲಿ ತಡೆದರಲ್ಲ, ಅಪ್ಪಿಕೋ ಅಂತ, ಅದು ನಮ್ಮ ತಾಲೂಕಿನದೇ ಕತೆ. ಅಂಥ ಊರಲ್ಲಿ ನನ್ನ ಕಾಡನ್ನು ಅಪ್ಪಿಕೊಳ್ಳೋಕೆ ಎರಡು ಬೆರಳು ಸಾಕು. ಆಯಿಗೆ ಏನು ಹೇಳೋದು? "ಸುಮ್ನೆ" ಅಂದೆ.

ಒಂದೇ ತಟ್ಟೆಯಲ್ಲಿ ಹಲವು ಮರ ನೆಟ್ಟು ಕಾಡಿನ ಹಾಗೆ ಕಾಣಿಸೋದಕ್ಕೆ ಜಪಾನಿನವರು ಯೋಸೆ-ಉಎ ಅನ್ನುತ್ತಾರೆ. ಅದರ ಕಟ್ಟಳೆಗಳನ್ನು ಓದಿದಾಗ ನನಗೆ ನಗು ಬಂತು, ಒಂದೊಂದೂ ಅಪ್ಪನ ತೋಟವನ್ನು ನೋಡಿಕೊಂಡೇ ಅದಕ್ಕೆ ಉಲ್ಟಾ ಬರೆದ ಹಾಗಿತ್ತು. ಮೂರು ಕಾಂಡ ಒಂದೇ ಗೆರೆಗೆ ಬರಬಾರದು. ಎರಡು ಗಿಡಗಳ ನಡುವಿನ ಅಂತರ ಇನ್ನೆರಡರ ನಡುವೆ ಇರಬಾರದು. ಎದುರಿಂದ ನೋಡಿದರೆ ಒಂದರ ಹಿಂದೆ ಒಂದು ಅಡಗಬಾರದು. ದೊಡ್ಡ ಮರ ನಟ್ಟ ನಡುವೆ ಬೇಡ. ಮರಗಳ ಸಂಖ್ಯೆ ಬೆಸ ಇದ್ದರೆ ಚಂದ, ಸಮ ಆದರೆ ಕಣ್ಣು ತಾನಾಗಿ ಜೋಡಿ ಮಾಡಲು ಹೊರಡುತ್ತದೆ.

ಶಿವರಾತ್ರಿ ಕಳೆದು ಚಳಿ ಬಿಟ್ಟಿತ್ತು. ಜಗಲಿಯಲ್ಲಿ ಗೋಣಿ ಹಾಸಿಕೊಂಡು ಕೂತೆ. ತಟ್ಟೆಯ ತೂತಿಗೆ ಜಾಲರಿ, ಅದರೊಳಗಿಂದ ತಂತಿ, ಮೇಲೆ ಜರಡಿ ಹಿಡಿದ ಚಿರೆಕಲ್ಲಿನ ಚೂರು, ಇಟ್ಟಿಗೆ ಚೂರು, ಹೊಳೆಯ ದಪ್ಪ ಮರಳು. ಜುನಿಪರ್ ಬೇರಿನ ಮಣ್ಣನ್ನು ಪೂರ್ತಿ ತೊಳೆಯಬಾರದು. ಸುತ್ತಲಿನದನ್ನು ಕಡ್ಡಿಯಿಂದ ಬಿಡಿಸಿ, ಬುಡದ ಮುದ್ದೆ ಹಾಗೇ ಬಿಡಬೇಕು. ಅದರಲ್ಲಿ ಬಿಳಿ ಬಿಳಿ ಎಳೆ ಕಂಡು "ಬೂಷ್ಟು ಹಿಡಿದಿದೆ, ಬಿಸಾಕು" ಅಂದ ಅಪ್ಪ. ಬಿಳಿ ಎಳೆಯೆಲ್ಲ ರೋಗ ಅಲ್ಲ, ಬೇರಿನ ಜೊತೆ ಬಾಳಿ ಗಿಡಕ್ಕೆ ನೀರು-ಗೊಬ್ಬರ ಎಳೆದುಕೊಡುವ ಶಿಲೀಂಧ್ರವೂ ಆ ಮಣ್ಣಲ್ಲಿರುತ್ತದೆ ಅಂತ ನಾನು ವಿವರಿಸುವಷ್ಟರಲ್ಲಿ ಅಪ್ಪ ಕವಳ ಹಾಕಲು ಒಳಗೆ ಹೋಗಿಯಾಗಿತ್ತು.

ಏಳೂ ನೆಟ್ಟು ಎದ್ದು ನಿಂತು ನೋಡಿದೆ. ನಡುವೆ ದೊಡ್ಡದು. ಸುತ್ತ ಆರು, ಸಮಾ ಅಂತರದಲ್ಲಿ, ಪ್ರದಕ್ಷಿಣೆಗೆ ಹೊರಟ ಹಾಗೆ. ಕೈಯಾಣೆ, ಬೇಕಂತ ಮಾಡಿದ್ದಲ್ಲ! ಕಿತ್ತು ಮತ್ತೆ ನೆಟ್ಟೆ. ಈ ಸಲ ಮೂರು ಮೂರರ ಎರಡು ಸಾಲು, ಒಂದು ಮೇಸ್ತ್ರಿ. ಬೇರು ಒಣಗಬಾರದಲ್ಲ, ಒದ್ದೆ ಬಟ್ಟೆ ಹೊದಿಸಿ, ಎದ್ದು ಹಿತ್ತಲ ಬಾಗಿಲಿಂದ ಬೆಟ್ಟ ಹತ್ತಿ ಕಾನಿನ ಅಂಚಿಗೆ ಹೋಗಿ ನಿಂತೆ.

ಹುಟ್ಟಿದಾಗಿಂದ ನೋಡಿದ ಕಾಡು. ಆದರೆ ಮರ ಹೇಗೆ ನಿಂತಿದೆ ಅಂತ ನೋಡಿರಲೇ ಇಲ್ಲ. ಅಂಚಿನ ಮರಗಳು ಬೆಳಕಿನ ಕಡೆಗೆ ವಾಲಿದ್ದವು, ಕೊಂಬೆಗಳೆಲ್ಲ ಹೊರಗೇ, ಒಂದೆರಡು ನೆಲ ಮುಟ್ಟುವಷ್ಟು ಕೆಳಗೆ. ಒಳಗಿನವು ನೆಟ್ಟಗೆ, ತುದಿಯವರೆಗೂ ಬೋಳು, ಮೇಲೆ ಒಂದು ಹಿಡಿ ಹಸಿರು. ಎರಡು ಮರ ಒಂದಕ್ಕೊಂದು ಭುಜ ತಾಗುವಷ್ಟು ಹತ್ತಿರ ನಿಂತು, ಆಮೇಲೆ ಒಂದು ಎತ್ತಿನಗಾಡಿ ಹಾಯುವಷ್ಟು ಜಾಗ ಖಾಲಿ. ಕೆಳಗಿಳಿದು ಬಂದು ದೊಡ್ಡದನ್ನು ಎಡಕ್ಕೆ ಸರಿಸಿ ಸ್ವಲ್ಪ ಮುಂದೆ ತಂದೆ. ಎರಡನೆಯದನ್ನು ಅದಕ್ಕೇ ಆನಿಸಿದೆ. ಸಪೂರ ಇದ್ದವನ್ನು ಹಿಂದೆ ಇಟ್ಟೆ, ಹಾಗಿಟ್ಟರೆ ದೂರದ ಮರದ ಹಾಗೆ ಕಾಣುತ್ತದೆ. ಒಳಮುಖದ ಕೊಂಬೆ ತೆಗೆದೆ, ಹೊರಮುಖದವಕ್ಕೆ ತಂತಿ ಸುತ್ತಿ ಕೆಳಗಿಳಿಸಿದೆ. ಬಲಗಡೆ ಬೆರಳು ಹಾಯುವಷ್ಟು ಜಾಗ ಖಾಲಿ ಬಿಟ್ಟೆ. ಆ ಖಾಲಿ ಬಿಡೋದೇ ಕಷ್ಟ, ಅಲ್ಲಿ ಇನ್ನೊಂದು ಕೂರುತ್ತದಲ್ಲ ಅಂತ ಕೈ ಹೇಳುತ್ತಲೇ ಇತ್ತು.

ಜುನಿಪರ್ ಗುಂಪಿನಲ್ಲಿ ಹೆಸರಾದದ್ದು ಅಮೆರಿಕದ ಜಾನ್ ನಾಕಾ ಕಟ್ಟಿದ 'ಗೋಶಿನ್'. ಮೊದಲ ಮರಗಳನ್ನು 1948ರಲ್ಲಿ ತಿದ್ದಲು ಶುರುಮಾಡಿದ. ಮೊಮ್ಮಗುವಿಗೊಂದು ಮರ ಅಂತ ಲೆಕ್ಕ, ಮೊಮ್ಮಕ್ಕಳು ಹೆಚ್ಚಿದ ಹಾಗೆ ಮರ ಹೆಚ್ಚಿ ಕಡೆಗೆ 11ಕ್ಕೆ ನಿಂತಿತು. 1984ರಲ್ಲಿ ದಾನ ಕೊಟ್ಟ, ಈಗ ವಾಷಿಂಗ್ಟನ್ನಿನ ರಾಷ್ಟ್ರೀಯ ಸಸ್ಯೋದ್ಯಾನದಲ್ಲಿದೆ. ಇದನ್ನು ಆಯಿಗೆ ಹೇಳಿದ್ದು ನನ್ನ ತಪ್ಪು. "ಮೊದಲು ಮದುವೆ ಆಗು, ಮೊಮ್ಮಕ್ಕಳ ಲೆಕ್ಕ ಆಮೇಲೆ" ಅಂದಳು. ತೋಟ ನೋಡಿಕೊಂಡು ಊರಲ್ಲೇ ಇರುವ ಗಂಡಿಗೆ ಹೆಣ್ಣು ಸಿಗೋದು ಶಿರಸಿಯಲ್ಲಿ ಜುನಿಪರ್ ಬದುಕಿಸಿದ್ದಕ್ಕಿಂತ ಕಷ್ಟ, ಆದರೆ ಅದು ಬೇರೆ ಪ್ರಬಂಧ.

ಬದುಕಿಸೋದು ಅಂದೆನಲ್ಲ. ಜುನಿಪರಿಗೆ ಬಿಸಿಲು ಬೇಕು, ಗಾಳಿ ಬೇಕು, ಬುಡದಲ್ಲಿ ನೀರು ನಿಲ್ಲಬಾರದು. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೊದಲಿನೆರಡು ಇಲ್ಲ, ನಿಲ್ಲುವ ನೀರು ಮಾತ್ರ ಧಾರಾಳ. ಮೊದಲ ಮಳೆಗಾಲ ಮುಗಿಯುವಾಗ ಏಳೂ ಹಸಿರಾಗೇ ಇದ್ದವು, ನಾನು ಗೆದ್ದೆ ಅಂದುಕೊಂಡೆ. ಜುನಿಪರಿನ ಮೋಸ ಇರೋದೇ ಇಲ್ಲಿ. ಬೇರು ಕೊಳೆತು ಸತ್ತ ಮೇಲೂ ವಾರಗಟ್ಟಲೆ ಹಸಿರಾಗೇ ನಿಂತಿರುತ್ತದೆ. ಉಗುರಲ್ಲಿ ತೊಗಟೆ ಕೆರೆದು ನೋಡಿದೆ, ಎರಡರಲ್ಲಿ ಒಳಗೆ ಕಂದು. ಒಂದನ್ನು ಕಿತ್ತೆ. ಇನ್ನೊಂದನ್ನು ಬಿಟ್ಟೆ, ತೊಗಟೆ ಸುಲಿದು ಸುಣ್ಣ-ಗಂಧಕದ ದ್ರಾವಣ ಬಳಿದೆ, ಕಾನಿನಲ್ಲಿ ನಿಂತಲ್ಲೇ ಸತ್ತ ಮರದ ಹಾಗೆ ಬೆಳ್ಳಗೆ ನಿಂತಿದೆ. ಬದುಕಿದ್ದು ಐದು, ನಿಂತದ್ದು ಆರು. ಬೆಸವೋ ಸಮವೋ ನೀವೇ ಹೇಳಿ.

ಬುದ್ಧಿ ಹೇಳಿದ್ದು ಅಡಿಕೆ ಮರ ಹತ್ತುವ ನಮ್ಮ ಕೊನೆಗೌಡ. ಮಳೆಗಾಲದ ಮೊದಲು ಅಡಿಕೆ ಕೊನೆಗೆ ಕೊಳೆ ಬರದಿರಲಿ ಅಂತ ಕೊಟ್ಟೆ, ಅಂದರೆ ಮಳೆ ತಡೆಯುವ ಹೊದಿಕೆ, ಕಟ್ಟಲು ಬಂದವನು ತಟ್ಟೆ ಮುಂದೆ ಕೂತು, "ಇದಕ್ಕೆ ಹತ್ತೋದು ಹ್ಯಾಂಗೆ ಒಡೆಯಾ?" ಅಂತ ಮೊದಲು ನಕ್ಕ. ಆಮೇಲೆ, "ಇದಕ್ಕೂ ಒಂದು ಕೊಟ್ಟೆ ಕಟ್ಟಿ" ಅಂದ. ತಮಾಷೆಗೆ ಅಂದಿದ್ದು. ಆದರೆ ಸರಿ ಅಲ್ವಾ? ಅಡಿಕೆಯ ಕೊಳೆ ತರುವ ಕುಲದ್ದೇ ರೋಗಾಣು ಜುನಿಪರಿನ ಬೇರನ್ನೂ ಕೊಳೆಸುತ್ತದೆ. ನಾಲ್ಕು ದಬ್ಬೆ ನಿಲ್ಲಿಸಿ ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಕಟ್ಟಿದೆ, ಬದಿ ತೆರೆದೇ ಬಿಟ್ಟೆ, ಗಾಳಿಯಾಡಲಿ ಅಂತ. ಅಲ್ಲಿಂದ ಮುಂದೆ ಒಂದೂ ಸತ್ತಿಲ್ಲ.

ಉಳಿದ ಆರೈಕೆ ಜಾಸ್ತಿ ಏನಿಲ್ಲ. ತುದಿಗಳನ್ನು ಚಿವುಟುವುದಿಲ್ಲ, ಉದ್ದ ಹೋದ ಚಿಗುರನ್ನು ಕವಲಿನ ತನಕ ಕತ್ತರಿಯಲ್ಲಿ ತೆಗೆಯುತ್ತೇನೆ. ಹಸಿರೇ ಇಲ್ಲದ ಹಾಗೆ ಕೊಂಬೆ ಬೋಳಿಸಿದರೆ ಅದು ಮತ್ತೆ ಚಿಗುರುವುದಿಲ್ಲ. ಒಂದೇ ಸಲ ಜಾಸ್ತಿ ಕತ್ತರಿಸಿದರೆ ಸಿಟ್ಟಿಗೆ ಮುಳ್ಳು ಮುಳ್ಳು ಎಲೆ ಬಿಡುತ್ತದೆ. ಬೇಸಿಗೆಯಲ್ಲಿ ಬಿಳಿ ಕಾಗದ ಹಿಡಿದು ಕೊಂಬೆ ಅಲ್ಲಾಡಿಸುತ್ತೇನೆ, ಬಿದ್ದ ಚುಕ್ಕೆಗಳು ಓಡಾಡಿದರೆ ನುಸಿ.

ಈಗಿರುವ ತಂಟೆ ಅಪ್ಪನದು. ಕೊಟ್ಟೆ ಕಟ್ಟಿದರೂ ಇರುಚಲು ಹೊಡೆಯುತ್ತದಲ್ಲ, ಅದಕ್ಕೆ ತಟ್ಟೆಯ ಒಂದು ತುದಿಗೆ ಇಟ್ಟಿಗೆ ಕೊಡುತ್ತೇನೆ. ಓರೆಯಾದರೆ ನೀರು ಬೇಗ ಬಸಿಯುತ್ತದೆ. ಅಪ್ಪ ಬೆಳಿಗ್ಗೆ ಎದ್ದು ತೋಟಕ್ಕೆ ಹೊರಡುವಾಗ ಆ ಇಟ್ಟಿಗೆ ಎಳೆದು ತಟ್ಟೆ ಸಮ ಮಾಡುತ್ತಾನೆ. ನಾನು ಕಷಾಯ ಕುಡಿದು ಬಂದು ಮತ್ತೆ ಕೊಡುತ್ತೇನೆ. ಇಬ್ಬರೂ ಇದರ ಬಗ್ಗೆ ಇದುವರೆಗೆ ಮಾತಾಡಿಲ್ಲ. ಮೊನ್ನೆ ರಾತ್ರಿಯೆಲ್ಲ ಹೊಡೆದ ಮಳೆಗೆ ಕರೆಂಟೂ ಇಲ್ಲ, ನಿದ್ದೆಯೂ ಇಲ್ಲ. ಬೆಳಗಾಗುತ್ತಲೇ ಹೋಗಿ ನೋಡಿದರೆ ಇಟ್ಟಿಗೆ ಇದ್ದಲ್ಲೇ ಇತ್ತು, ತಟ್ಟೆ ಓರೆಯಾಗೇ ಇತ್ತು. ಪಕ್ಕದ ನಾಲ್ಕು ದಾಸವಾಳದ ಕುಂಡಗಳನ್ನು ಮಾತ್ರ ಯಾರೋ ದಾರ ಹಿಡಿದ ಹಾಗೆ ಒಂದೇ ಸಾಲಿಗೆ ಎಳೆದಿಟ್ಟಿದ್ದರು.